ಪಟ್ಟಿಯನ್ನು ಓದಿ ಹೇಳಿ



ಮೆಟ್ರೋ ರೈಲಿನಲ್ಲಿ ಹೊಸಹಳ್ಳಿಯಿಂದ ಚಲ್ಲಘಟ್ಟದ ಕಡೆಗೆ ನೀವೂ ಪ್ರಯಾಣ ಮಾಡಿರಬಹುದು. ಮುಂದಿನ ನಿಲ್ದಾಣ ಯಾವುದೆಂದು ಧ್ವನಿವರ್ಧಕವು ಒಂದೊಂದಾಗಿ ತಿಳಿಸುತ್ತಾ ಹೋಗುತ್ತದೆ: ಅತ್ತಿಗುಪ್ಪೆ, ನಾಯಂಡಹಳ್ಳಿ, ಪಟ್ಟಣಗೆರೆ, ಕೆಂಗೇರಿ. ಕಿವಿಗೊಟ್ಟು ಕೇಳಿದರೆ ಇವೆಲ್ಲವೂ ಹಳೆಯ ಊರುಗಳ ಹೆಸರುಗಳೇ. ರಾಜಾಜಿನಗರದ ಒಡಲಲ್ಲಿ ಕೇತಮಾರನಹಳ್ಳಿ ಇದೆ. ಬಸವೇಶ್ವರನಗರದ ಮಗ್ಗುಲಲ್ಲಿ ಸಾಣೆಗುರುವನಹಳ್ಳಿ ಇದೆ. ವಿಜಯನಗರದ ನಡುವೆ ಮಾರೇನಹಳ್ಳಿ ಇದೆ. ಬಡಾವಣೆಗಳು ಬರುವ ಮುನ್ನ ಹಳ್ಳಿ ಎಂದರೆ ಒಂದು ಕೆರೆ, ಒಂದು ತೋಪು, ಊರಿನ ವಿಚಾರ ಮಾತನಾಡಲು ಮರದ ಕೆಳಗೆ ಒಂದು ಕಟ್ಟೆ. ಹೆಸರುಗಳು ಫಲಕಗಳಲ್ಲಿ ಉಳಿದಿವೆ. ಕಟ್ಟೆ ಎಲ್ಲಿ ಹೋಯಿತು? ಕೆಲವು ಕಾಲದಿಂದ ನನ್ನನ್ನು ಕಾಡುತ್ತಿರುವ ಈ ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಇದರೊಳಗೆ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿದೆ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಕೆಂಗೇರಿಯನ್ನು ದಾಟಿ, ಬಿಡದಿಯ ಆಚೆ ಬೈರಮಂಗಲದ ದಿಕ್ಕಿನಲ್ಲಿರುವ ಒಂದು ಸಣ್ಣ ಧರ್ಮಕೇಂದ್ರಕ್ಕೆ ನನ್ನನ್ನು ಕಳುಹಿಸಿದ್ದರು. ಆಗ ಅದು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿತ್ತು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರು ಬಂತು. ಜಿಲ್ಲೆಯ ಹೆಸರು ಎರಡು ಸಲ ಬದಲಾದರೂ ಊರು ಅದೇ ಊರು. ಹಿಪ್ಪುನೇರಳೆ, ರಾಗಿ, ಹಸು, ಹಾಲಿನ ಡೈರಿ, ಬೆಳಗ್ಗೆ ಹೋಗಿ ಸಂಜೆ ಬರುವ ಒಂದೆರಡು ಬಸ್ಸುಗಳು. ನಾನು ಗುರುಮಠದಿಂದ ಹೊರಬಂದು ಕೆಲವೇ ವರ್ಷಗಳಾಗಿದ್ದವು. ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿದ್ದ ನನಗೆ ಗ್ರಾಮ ಪಂಚಾಯತಿ ಎಂದರೆ ಬೀದಿದೀಪ, ಚರಂಡಿ ಮತ್ತು ಜಗಳ ಎಂಬುದಷ್ಟೇ ಗೊತ್ತಿತ್ತು.

2005ರ ಫೆಬ್ರವರಿಯಲ್ಲಿ ಪಂಚಾಯತಿ ಚುನಾವಣೆ ಬಂತು. ನಮ್ಮ ದೇವಾಲಯಕ್ಕೆ ದಿನವೂ ಹೂ ತಂದುಕೊಡುತ್ತಿದ್ದ ಒಬ್ಬ ತಾಯಿ ಒಂದು ಸಂಜೆ ನನ್ನ ಬಳಿಗೆ ಬಂದರು. ಗಂಡ ತೀರಿಹೋಗಿ ಹಲವು ವರ್ಷಗಳಾಗಿದ್ದವು. ಒಂದು ಎಕರೆ ಜಮೀನು, ಎರಡು ಹಸು, ಮದುವೆಯಾಗದ ಒಬ್ಬ ಮಗಳು. "ನಮ್ಮ ವಾರ್ಡು ಹೆಂಗಸರಿಗೆ ಬಂದೈತೆ, ನಿಂತ್ಕತೀನಿ, ಆಶೀರ್ವಾದ ಮಾಡಿ" ಎಂದು ಕೇಳಿಕೊಂಡರು. ನಾನು ಆಶೀರ್ವಾದ ಮಾಡುವ ಬದಲು ಬುದ್ಧಿ ಹೇಳಿದೆ. ಅದು ಹಣದವರ, ಜಾತಿಯವರ, ಹೆಂಡದವರ ಲೋಕವೆಂದೂ, ಮಾನವಾಗಿ ಬದುಕುತ್ತಿರುವವರು ಆ ಕೆಸರಿಗೆ ಇಳಿಯಬಾರದೆಂದೂ ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಹೇಳಿದರು: "ಸ್ವಾಮ್ಯೋರೆ, ಕೆಸರಿಗೆ ಇಳೀದೆ ನಾಟಿ ಮಾಡಕ್ಕಾಯ್ತದಾ?"

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಕೆ ನಿಂತರು, ಕೆಲವೇ ಮತಗಳ ಅಂತರದಿಂದ ಗೆದ್ದರು.

ಓದುಗರಲ್ಲಿ ಅನೇಕರು ಹಳ್ಳಿಯಿಂದ ಬಂದವರೇ ಆದರೂ, ಪಂಚಾಯತಿ ಹೇಗೆ ನಡೆಯುತ್ತದೆಂಬುದನ್ನು ಇಲ್ಲಿ ಸಂಕ್ಷಿಪ್ತವಾಗಿ ನೆನಪಿಸುವುದು ಅನುಚಿತವಲ್ಲ. ಕರ್ನಾಟಕದಲ್ಲಿ 1983ರಲ್ಲಿ ರೂಪುಗೊಂಡ ಕಾಯಿದೆಯಂತೆ 1987ರಲ್ಲಿ ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ಅದರ ಹಿಂದೆ ಇದ್ದವರು ಅಂದಿನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬರು. ಕೊಳವೆಬಾವಿಗಳನ್ನು ತೋಡಿಸಿ ಹಳ್ಳಿಗಳಿಗೆ ನೀರು ಕೊಟ್ಟದ್ದರಿಂದ ಜನ ಅವರನ್ನು 'ನೀರ್ ಸಾಬ್' ಎಂದೇ ಕರೆದರು. 1988ರಲ್ಲಿ ಅವರು ತೀರಿಕೊಂಡಾಗ ನಾನಿನ್ನೂ ವಿದ್ಯಾರ್ಥಿ. ನಮ್ಮೂರಿನ ಕೈಪಂಪಿನ ಬಳಿ ಹೆಂಗಸರು ಕೊಡಗಳನ್ನು ಕೆಳಗಿಟ್ಟು ಅವರ ಬಗ್ಗೆಯೇ ಮಾತನಾಡುತ್ತಾ ನಿಂತದ್ದು ನೆನಪಿದೆ. ಮುಂದೆ ಸಂವಿಧಾನದ 73ನೆಯ ತಿದ್ದುಪಡಿಯಾಗಿ, 1993ರ ಕಾಯಿದೆಯಂತೆ ಇಂದಿನ ಗ್ರಾಮ ಪಂಚಾಯತಿಗಳು ಹುಟ್ಟಿದವು. ಸಾಮಾನ್ಯವಾಗಿ ಐದರಿಂದ ಏಳು ಸಾವಿರ ಜನರಿಗೆ ಒಂದು ಪಂಚಾಯತಿ, 400 ಜನರಿಗೆ ಒಬ್ಬ ಸದಸ್ಯ. ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. 1983ರ ಕಾಯಿದೆಯಲ್ಲಿ ನಾಲ್ಕನೇ ಒಂದರಷ್ಟಿದ್ದ ಮಹಿಳೆಯರ ಸ್ಥಾನಗಳು ಮುಂದೆ ಮೂರನೇ ಒಂದಾಗಿ, 2010ರಲ್ಲಿ ಅರ್ಧಕ್ಕೇರಿದವು.

ಇವೆಲ್ಲಕ್ಕಿಂತ ದೊಡ್ಡದು ಗ್ರಾಮಸಭೆ. ಪಂಚಾಯತಿಗೆ ಸದಸ್ಯರನ್ನು ಆರಿಸಿ ಕಳುಹಿಸುತ್ತೇವೆ. ಗ್ರಾಮಸಭೆಗಾದರೋ ಯಾರನ್ನೂ ಆರಿಸಬೇಕಾಗಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬ ಕೂಲಿಯವನೂ, ಪ್ರತಿಯೊಬ್ಬ ಮುದುಕಿಯೂ ಅದರ ಸದಸ್ಯರೇ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಲೆಕ್ಕವನ್ನು ಅದರ ಮುಂದಿಡಬೇಕು. ಸರ್ಕಾರದ ಮನೆ ಯಾರಿಗೆ ಸಿಗಬೇಕೆಂಬುದನ್ನು ಅಲ್ಲಿಯೇ ತೀರ್ಮಾನಿಸಬೇಕು.

ಆ ವರ್ಷದ ಗ್ರಾಮಸಭೆಗೆ ನಾನೂ ಹೋದೆ. ಊರಿನ ಮೇಲಿನ ಕಾಳಜಿಯಿಂದ ಹೋದೆನೆಂದು ಹೇಳಿದರೆ ಸುಳ್ಳಾಗುತ್ತದೆ. ದೇವಾಲಯದ ಮುಂದಿನ ರಸ್ತೆಗೆ ಮೋರಿ ಹಾಕಿಸಿಕೊಳ್ಳಬೇಕಾಗಿತ್ತು, ಅದಕ್ಕಾಗಿ ಹೋದೆ. ಶಾಲೆಯ ಮುಂದೆ ಶಾಮಿಯಾನ ಹಾಕಿದ್ದರು. ದೊಡ್ಡವರಿಗೆ ಕುರ್ಚಿ, ಉಳಿದವರಿಗೆ ಜಮಖಾನ. ಕಾಲನಿಯ ಜನ ಶಾಮಿಯಾನದ ಅಂಚಿನಲ್ಲಿ ಬಿಸಿಲಿಗೆ ನಿಂತೇ ಇದ್ದರು. ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟರು, ನಾನು ಕುಳಿತೆ.

ಆಶ್ರಯ ಯೋಜನೆಯ ಮನೆಗಳ ವಿಷಯ ಬಂತು. ಫಲಾನುಭವಿಗಳ ಪಟ್ಟಿ ಸಿದ್ಧವಾಗಿದೆ, ಕಚೇರಿಯಲ್ಲಿದೆ, ಬೇಕಾದವರು ಬಂದು ನೋಡಬಹುದು, ಸಭೆ ಒಪ್ಪಿದೆಯೆಂದು ಬರೆದುಕೊಳ್ಳುತ್ತೇವೆ ಎಂದು ವೇದಿಕೆಯಿಂದ ಹೇಳಿದರು. ಜನ ತಲೆಯಾಡಿಸಿದರು. ಆಗ ಆ ತಾಯಿ ಸದಸ್ಯರ ಸಾಲಿನಿಂದ ಎದ್ದು ನಿಂತರು. "ಪಟ್ಟೀನ ಓದಿ ಹೇಳಿ" ಎಂದರು. ಹೊತ್ತಾಗುತ್ತದೆ ಎಂಬ ಉತ್ತರ ಬಂತು. "ಆಗ್ಲಿ, ಓದಿ ಹೇಳಿ" ಎಂದರು. ಕೂಗಲಿಲ್ಲ, ಯಾರನ್ನೂ ದೂರಲಿಲ್ಲ. ಕುಳಿತುಕೊಳ್ಳಲೂ ಇಲ್ಲ. ಕೊನೆಗೆ ಓದಬೇಕಾಯಿತು.

ಪಟ್ಟಿಯಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಪ್ರತಿ ಹೆಸರಿಗೂ ಜನರಲ್ಲಿ ಪಿಸುಮಾತು ಏಳುತ್ತಿತ್ತು. ಒಂಬತ್ತನೆಯ ಹೆಸರು ನಮ್ಮ ಧರ್ಮಕೇಂದ್ರದ ಒಂದು ಅನುಕೂಲಸ್ಥ ಕುಟುಂಬದ ಮಗನದು. ಊರ ನಡುವೆ ಅವರಿಗೆ ತಾರಸಿ ಮನೆಯಿತ್ತು, ತೋಟವಿತ್ತು. "ಇವ್ರಿಗೆ ಮನೆ ಇಲ್ವಾ?" ಎಂದು ಶಾಮಿಯಾನದ ಅಂಚಿನಿಂದ ಯಾರೋ ಕೇಳಿದರು. ವೇದಿಕೆಯ ಮೇಲಿದ್ದವರು ಕಡತವನ್ನು ತಿರುವಿ, "ಚರ್ಚಿನ ಸ್ವಾಮಿಗಳೇ ಪತ್ರ ಕೊಟ್ಟಿದ್ದಾರಲ್ಲ" ಎಂದರು.

ವಾಚಕರೇ, ಆ ಪತ್ರ ನನ್ನದೇ. ಪ್ರತಿ ವರ್ಷ ಹಬ್ಬಕ್ಕೆ ದೇವಾಲಯದ ದೀಪಾಲಂಕಾರದ ವೆಚ್ಚವನ್ನು ಆ ಕುಟುಂಬವೇ ವಹಿಸಿಕೊಳ್ಳುತ್ತಿತ್ತು. ಮಗ ಬೇರೆ ಸಂಸಾರ ಹೂಡುತ್ತಾನೆ, ಅವನಿಗೆ ಸ್ವಂತ ಮನೆಯಿಲ್ಲವೆಂದು ಒಂದು ಸಾಲು ಬರೆದುಕೊಡಿ ಎಂದು ಮನೆಯ ಹಿರಿಯರು ಕೇಳಿದ್ದರು. ನಾನು ಯೋಚಿಸದೆ ಬರೆದು, ಮೊಹರು ಒತ್ತಿ ಕೊಟ್ಟಿದ್ದೆ. ಆ ಒಂದು ಸಾಲಿನಿಂದ ಇನ್ನಾವುದೋ ಮನೆಯ ಹೆಸರು ಪಟ್ಟಿಯಿಂದ ಹೊರಗೆ ಬೀಳುತ್ತದೆಂದು ನನಗೆ ಹೊಳೆದಿರಲಿಲ್ಲ. ಹೊಳೆಯದಿರುವುದೇ ನನಗೆ ಅನುಕೂಲವಾಗಿತ್ತು ಎಂದರೆ ಹೆಚ್ಚು ಸರಿ.

ಇಡೀ ಸಭೆ ನನ್ನ ಕಡೆಗೆ ತಿರುಗಿತು. ಆ ತಾಯಿ ಮಾತ್ರ ನನ್ನತ್ತ ನೋಡದೆ ನೆಲವನ್ನು ನೋಡುತ್ತಾ ನಿಂತಿದ್ದರು. ಎದ್ದು ನಿಂತೆ. ಆ ಪತ್ರವನ್ನು ವಿಚಾರಿಸದೆ ಕೊಟ್ಟೆ, ಅದು ತಪ್ಪು, ದಯವಿಟ್ಟು ಅದನ್ನು ಪರಿಗಣಿಸಬೇಡಿ ಎಂದು ಹೇಳಿದೆ. ಹತ್ತು ಪ್ರಬೋಧನೆಗಳನ್ನು ಒಟ್ಟಿಗೆ ಕೊಟ್ಟರೂ ಆಗದಷ್ಟು ಆಯಾಸ ಆ ಮೂರು ವಾಕ್ಯಗಳಿಂದ ಆಯಿತು. ಹೆಸರನ್ನು ಹೊಡೆದುಹಾಕಿದರು. ಅದರ ಜಾಗಕ್ಕೆ ಕಾಲನಿಯ ಒಂದು ಕೂಲಿ ಸಂಸಾರದ ಹೆಸರು ಬಂತು. ಆ ಮಳೆಗಾಲವೆಲ್ಲ ಅವರು ಸೋಗೆಯ ಸೂರಿನ ಕೆಳಗೆ ಪಾತ್ರೆಗಳನ್ನಿಟ್ಟು ಮಲಗಿದ್ದರೆಂದು ಆಮೇಲೆ ತಿಳಿಯಿತು.

ಆ ಅನುಕೂಲಸ್ಥ ಕುಟುಂಬದವರು ಆರು ತಿಂಗಳು ಬಲಿಪೂಜೆಗೆ ನಮ್ಮಲ್ಲಿಗೆ ಬರಲಿಲ್ಲ. ಆ ವರ್ಷದ ಹಬ್ಬಕ್ಕೆ ದೇವಾಲಯದಲ್ಲಿ ಮೇಣದ ಬತ್ತಿಗಳೇ ಹೆಚ್ಚಾಗಿದ್ದವು. ಆ ತಾಯಿ ಮರುದಿನ ಬೆಳಗ್ಗೆ ಎಂದಿನಂತೆ ಹೂ ತಂದಿಟ್ಟು, ಏನೂ ನಡೆಯಲಿಲ್ಲವೆಂಬಂತೆ ನಮಸ್ಕರಿಸಿ ಹೋದರು. ಅಂದಿನಿಂದ ಇಂದಿನವರೆಗೆ ನಾನು ಸೇವೆ ಮಾಡಿದ ಪ್ರತಿ ಧರ್ಮಕೇಂದ್ರದಲ್ಲೂ ಕಾಣಿಕೆಯ ಲೆಕ್ಕವನ್ನು ಜನರ ಮುಂದೆ ಓದಿ ಹೇಳುವ ಪದ್ಧತಿಯನ್ನು ಇಟ್ಟುಕೊಂಡಿದ್ದೇನೆ. ಅದನ್ನು ನಾನು ಗುರುಮಠದಲ್ಲಿ ಕಲಿಯಲಿಲ್ಲ.

ಗುರುಮಠದಲ್ಲಿ ಕಲಿತದ್ದು ಇನ್ನೊಂದಿದೆ. 1931ರಲ್ಲಿ ಜಗದ್ಗುರು ಹನ್ನೊಂದನೆಯ ಪಯಸ್ ಅವರು ಸಾಮಾಜಿಕ ವ್ಯವಸ್ಥೆಯನ್ನು ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿ ಒಂದು ತತ್ತ್ವವನ್ನು ಪ್ರತಿಪಾದಿಸಿದರು. ಸಣ್ಣ ಸಮುದಾಯವು ತಾನೇ ಮಾಡಿಕೊಳ್ಳಬಲ್ಲ ಕೆಲಸವನ್ನು ಅದರ ಕೈಯಿಂದ ಕಿತ್ತು ದೊಡ್ಡ ಸಂಸ್ಥೆಗೆ ಒಪ್ಪಿಸುವುದು ಅನ್ಯಾಯ ಎಂಬುದು ಅದರ ತಿರುಳು. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ್ದೆ. ಶಾಮಿಯಾನದ ಕೆಳಗೆ ಅದರ ಅರ್ಥ ತಿಳಿಯಿತು. ದೂರದ ಕಚೇರಿಯಲ್ಲಿ ನನ್ನ ಪತ್ರವೊಂದು ಬರೀ ಕಾಗದ. ಯಾರ ಮನೆಗೆ ತಾರಸಿಯಿದೆ, ಯಾರ ಮನೆ ಸೋರುತ್ತದೆ ಎಂಬುದು ಊರಿಗೆ ಮಾತ್ರ ಗೊತ್ತಿತ್ತು.

ನಮ್ಮ ಕನ್ನಡ ನಾಡಿನ ಹಳ್ಳಿಗಳಲ್ಲಿ ದುಡಿದ ಫ್ರೆಂಚ್ ಗುರುಗಳೂ ಇಲ್ಲಿ ನೆನಪಾಗುತ್ತಾರೆ. 1792ರಲ್ಲಿ ಭಾರತಕ್ಕೆ ಹೊರಟು ಬಂದು, ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆಯನ್ನು ಹರಡಿ, ಜನರಿಂದ 'ದೊಡ್ಡ ಸ್ವಾಮಿಯೋರು' ಎಂದು ಕರೆಸಿಕೊಂಡ ಅಬ್ಬೆ ದುಬುವಾ ಅವರ ಹುಟ್ಟೂರು ದಕ್ಷಿಣ ಫ್ರಾನ್ಸಿನ ಆರ್ದೆಶ್ ಸೀಮೆಯ ಸಾಂ ರೆಮೇಜ್ ಎಂಬ ಹಳ್ಳಿ. ಅವರು ಹಡಗು ಹತ್ತುವುದಕ್ಕೆ ಸ್ವಲ್ಪ ಮುಂಚೆ, 1789ರ ಡಿಸೆಂಬರಿನಲ್ಲಿ, ಫ್ರಾನ್ಸಿನ ಪ್ರತಿಯೊಂದು ಊರಿಗೂ ಒಂದು ಚುನಾಯಿತ ಸಭೆ ಇರಬೇಕೆಂದು ಅಲ್ಲಿ ಕಾನೂನಾಯಿತು. ಅಂಥ ಊರಿಗೆ 'ಕಮ್ಯೂನ್' ಎಂದು ಹೆಸರು. ಅವುಗಳ ಎಲ್ಲೆಗಳು ಬಹುಮಟ್ಟಿಗೆ ಹಳೆಯ ಧರ್ಮಕೇಂದ್ರಗಳ ಎಲ್ಲೆಗಳೇ. ಒಂದು ದೇವಾಲಯದ ಗಂಟೆಗೆ ಓಗೊಡುತ್ತಿದ್ದ ಜನರೇ ಒಂದು ಕಮ್ಯೂನ್ ಆದರು. ಅದುವರೆಗೆ ಪಾದ್ರಿಗಳು ಬರೆದಿಡುತ್ತಿದ್ದ ಜನನ, ವಿವಾಹ, ಮರಣಗಳ ಪುಸ್ತಕವು 1792ರಲ್ಲಿ ಊರಿನ ಆಡಳಿತದ ಕೈಗೆ ಹೋಯಿತು.

ಇಂದಿಗೂ ಫ್ರಾನ್ಸಿನಲ್ಲಿ ಸುಮಾರು 35,000 ಕಮ್ಯೂನ್‌ಗಳಿವೆ. ಅವುಗಳಲ್ಲಿ ಅರ್ಧದಷ್ಟರಲ್ಲಿ ಐನೂರು ಜನರೂ ಇಲ್ಲ. ನೂರಕ್ಕಿಂತ ಕಡಿಮೆ ಜನರಿರುವ ಊರಿಗೂ ಏಳು ಸದಸ್ಯರ ಸಭೆಯನ್ನು ಕಾನೂನು ಗೊತ್ತುಮಾಡಿದೆ. ಆ ಸಭೆ ತನ್ನೊಳಗೇ ಒಬ್ಬರನ್ನು ಮೇಯರ್ ಆಗಿ ಆರಿಸಿಕೊಳ್ಳುತ್ತದೆ. ಆರು ವರ್ಷಗಳ ಕಾಲ ರಸ್ತೆ, ನೀರು, ಶಾಲೆಯ ಕಟ್ಟಡ, ಸ್ಮಶಾನ ಎಲ್ಲಕ್ಕೂ ಅವರೇ ಹೊಣೆ. ಮದುವೆಗಳನ್ನು ದಾಖಲಿಸುವವರೂ ಅವರೇ. ನಮ್ಮ ರಾಜ್ಯದ ಜನಸಂಖ್ಯೆ ಆ ದೇಶಕ್ಕಿಂತ ಬಹಳ ಕಡಿಮೆಯೇನಲ್ಲ. ನಮ್ಮಲ್ಲಿರುವ ಗ್ರಾಮ ಪಂಚಾಯತಿಗಳು ಸುಮಾರು ಆರು ಸಾವಿರ. ಅವರಂತೆ ನಾವೂ ಆಗಬೇಕೆಂದು ನಾನು ಹೇಳುತ್ತಿಲ್ಲ. ಇಷ್ಟು ಸಣ್ಣ ಊರುಗಳಿಗೆ ಹಣ ಸಾಲದೆ, ಅನೇಕ ಕೆಲಸಗಳಿಗೆ ನೆರೆಯ ಊರುಗಳೊಂದಿಗೆ ಅವರು ಕೂಡಿಕೊಳ್ಳಬೇಕಾಗಿದೆ. ಆದರೆ ಅಲ್ಲಿ ನೀರು ನಿಂತರೆ ಯಾರ ಮನೆಯ ಬಾಗಿಲು ತಟ್ಟಬೇಕೆಂಬುದು ಮಗುವಿಗೂ ಗೊತ್ತು.

ಇನ್ನು ನಗರಕ್ಕೆ ಬರೋಣ. ಕೆಂಗೇರಿಗೆ ತನ್ನದೇ ಪುರಸಭೆಯಿತ್ತು. 2007ರಲ್ಲಿ ಅದೂ, ಸುತ್ತಲಿನ ಏಳು ನಗರಸಭೆಗಳೂ, 110 ಹಳ್ಳಿಗಳೂ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. 2015ರ ಚುನಾವಣೆಯಲ್ಲಿ 198 ವಾರ್ಡುಗಳಿದ್ದವು. 2011ರ ಜನಗಣತಿಯ 84 ಲಕ್ಷ ಜನರನ್ನು ಅವಕ್ಕೆ ಹಂಚಿದರೆ ಒಬ್ಬ ಸದಸ್ಯನ ಪಾಲಿಗೆ 40,000ಕ್ಕೂ ಹೆಚ್ಚು ಜನ. ಹಳ್ಳಿಯಲ್ಲಿ 400 ಜನರಿಗೆ ಒಬ್ಬರು, ನಗರದಲ್ಲಿ ಅದರ ನೂರು ಪಟ್ಟು ಜನರಿಗೆ ಒಬ್ಬರು. 2020ರ ಸೆಪ್ಟೆಂಬರಿನಲ್ಲಿ ಆ ಸದಸ್ಯರ ಅವಧಿಯೂ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನು ಐದಾಗಿ ವಿಂಗಡಿಸಿ, ನಮ್ಮ ಭಾಗಕ್ಕೆ ಬೆಂಗಳೂರು ಪಶ್ಚಿಮ ನಗರ ಪಾಲಿಕೆ ಬರುವವರೆಗೂ, ಐದು ವರ್ಷಗಳ ಕಾಲ ಈ ಮಹಾನಗರಕ್ಕೆ ಚುನಾಯಿತ ಸಭೆಯೇ ಇರಲಿಲ್ಲ. ಅದೇ ಅವಧಿಯಲ್ಲಿ, 2020ರ ಡಿಸೆಂಬರಿನಲ್ಲಿ, ಕೋವಿಡ್ ಕಾಲದಲ್ಲೂ ಹಳ್ಳಿಯವರು ಸಾಲಿನಲ್ಲಿ ನಿಂತು ತಮ್ಮ ಪಂಚಾಯತಿಗಳನ್ನು ಆರಿಸಿಕೊಂಡರು.

ಆ ಐದು ವರ್ಷಗಳಲ್ಲಿ ಒಮ್ಮೆ ನಮ್ಮ ಬೀದಿಯಲ್ಲಿ ಕುಡಿಯುವ ನೀರಿಗೆ ಒಳಚರಂಡಿಯ ನೀರು ಬೆರೆಯಿತು. ಮೂರು ವಾರ ದೂರವಾಣಿ ಮಾಡಿದೆವು. ಪ್ರತಿಯೊಬ್ಬರೂ ಇನ್ನೊಬ್ಬರ ಸಂಖ್ಯೆ ಕೊಟ್ಟರು. ಕೊನೆಗೆ ಧರ್ಮಕೇಂದ್ರದ ಕೆಲವರು ನನ್ನ ಬಳಿ ಬಂದು, "ಫಾದರ್, ನೀವು ಒಂದು ಪತ್ರ ಕೊಡಿ" ಎಂದರು. ಪತ್ರ ಎಂಬ ಮಾತು ಕೇಳುತ್ತಲೇ ನನಗೆ ಆ ಶಾಮಿಯಾನ ನೆನಪಾಯಿತು. ಸಭೆ ಇಲ್ಲದ ಕಡೆ ಜನರಿಗೆ ಉಳಿಯುವುದು ಪತ್ರ ಮತ್ತು ಪರಿಚಯ ಮಾತ್ರ. ಪರಿಚಯವಿಲ್ಲದವರು ಏನು ಮಾಡಬೇಕು?

ಹಳ್ಳಿಯ ಸಭೆಗೆ ಎಲ್ಲವೂ ಸಾಧ್ಯವೆಂದು ನಾನು ಭ್ರಮಿಸಿಲ್ಲ. ಎಷ್ಟೋ ಕಡೆ ಸದಸ್ಯೆಯ ಸಹಿ ಇರುತ್ತದೆ, ಆಡಳಿತ ಗಂಡನದು. ಎಷ್ಟೋ ಗ್ರಾಮಸಭೆಗಳು ಹಾಜರಿ ಪುಸ್ತಕದಲ್ಲಿ ಮಾತ್ರ ನಡೆಯುತ್ತವೆ. ಇನ್ನೊಂದು ಕಠಿಣ ಮಿತಿಯನ್ನೂ ಆ ಊರಿನಲ್ಲಿಯೇ ಕಂಡೆ. ಬೆಂಗಳೂರಿನಲ್ಲಿ ಹುಟ್ಟಿ, ಕೆಂಗೇರಿಯ ಮಗ್ಗುಲಲ್ಲಿ ಹರಿದು ಬೈರಮಂಗಲದ ಜಲಾಶಯ ಸೇರುವ ವೃಷಭಾವತಿಯು ಆ ಸೀಮೆಗೆ ನಗರದ ಕೊಳಚೆಯನ್ನು ಹೊತ್ತು ತರುತ್ತದೆ. ಕಾಲುವೆಯಲ್ಲಿ ಕಪ್ಪು ನೀರು, ಅದರ ಮೇಲೆ ಬಿಳಿಯ ನೊರೆ. ಭತ್ತ ಬೆಳೆದ ಗದ್ದೆಗಳಲ್ಲಿ ಹಸುವಿನ ಹುಲ್ಲು ಬೆಳೆಯಬೇಕಾಯಿತು. ಆ ತಾಯಿ ಅದನ್ನೂ ಗ್ರಾಮಸಭೆಗೆ ತಂದರು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಕಾಗದ ತಾಲ್ಲೂಕಿಗೆ ಹೋಯಿತು, ಜಿಲ್ಲೆಗೆ ಹೋಯಿತು. ನೀರು ಕಪ್ಪಾಗಿಯೇ ಬರುತ್ತಿತ್ತು.

ಏಕೆಂದರೆ ಆ ನೀರನ್ನು ಕಪ್ಪು ಮಾಡಿದವರು ಆ ಸಭೆಯಲ್ಲಿ ಇರಲಿಲ್ಲ. ಅವರು ಯಾರು? ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ವಾಸಿಸುವ ನಾವು, ನೀವು. ನಮ್ಮ ಬಚ್ಚಲಿನ ನೀರು ಆ ಕಣಿವೆಯಲ್ಲೇ ಇಳಿದು ಹೋಗುತ್ತದೆ. ಅಂದು ಗ್ರಾಮಸಭೆ ನನ್ನನ್ನು ನಿಲ್ಲಿಸಿ, ಈ ಪತ್ರ ನೀವು ಬರೆದದ್ದೇ ಎಂದು ಕೇಳಿತು. ಈ ನೀರು ನಿಮ್ಮದೇ ಎಂದು ನಮ್ಮನ್ನು ಯಾವ ಸಭೆ ಕೇಳಿದೆ? ನಮ್ಮ ಕಷ್ಟವನ್ನು ಹೇಳಿಕೊಳ್ಳುವುದಕ್ಕೆ ಮಾತ್ರವೇ ಸಭೆ ಬೇಕೆಂದು ನಾವು ತಿಳಿಯುತ್ತೇವೆ. ನೆರೆಯವರು ನಮ್ಮನ್ನು ಪ್ರಶ್ನಿಸುವುದಕ್ಕೂ ಒಂದು ಸಭೆ ಬೇಕು. ಎದ್ದು ನಿಂತು ಉತ್ತರ ಹೇಳಬೇಕಾದ ಸ್ಥಳ ಇಲ್ಲವಾದಾಗ, ಕೆಟ್ಟವರಲ್ಲದ ಜನರೂ ಹೊಳೆಯನ್ನು ಕೆಡಿಸುತ್ತಾರೆ, ಒಂದು ಸಾಲು ಬರೆದು ಬಡವನ ಮನೆಯನ್ನು ಕಸಿಯುತ್ತಾರೆ.

ಆದುದರಿಂದ ನನ್ನ ವಿನಂತಿ ಇಷ್ಟೇ. ನಿಮ್ಮಲ್ಲಿ ಕೆಲವರ ಮತ ಇಂದಿಗೂ ಊರಿನಲ್ಲಿಯೇ ಇರಬಹುದು. ಹಬ್ಬಕ್ಕೆ ಊರಿಗೆ ಹೋಗುವಂತೆ ಒಮ್ಮೆ ಗ್ರಾಮಸಭೆಗೂ ಹೋಗಿ. ನೀವು ಅತಿಥಿಗಳಲ್ಲ, ಸದಸ್ಯರು. ನಗರದಲ್ಲಿರುವವರು ನಿಮ್ಮ ವಾರ್ಡಿನ ಸಮಿತಿ ಎಲ್ಲಿ ಸೇರುತ್ತದೆ, ಯಾವಾಗ ಸೇರುತ್ತದೆ ಎಂದು ವಿಚಾರಿಸಿ. ಸೇರದಿದ್ದರೆ ಏಕೆ ಸೇರುವುದಿಲ್ಲವೆಂದು ಬರೆದು ಕೇಳಿ. ನಿಮ್ಮ ಮನೆಯ ಹೆಣ್ಣುಮಗಳು ಚುನಾವಣೆಗೆ ನಿಲ್ಲುತ್ತೇನೆಂದರೆ, ನಾನು ಹೇಳಿದ ಬುದ್ಧಿಯನ್ನು ದಯವಿಟ್ಟು ನೀವು ಹೇಳಬೇಡಿ.

ಕಳೆದ ವರ್ಷ ಆ ಊರಿನ ಹಬ್ಬಕ್ಕೆ ಹೋಗಿದ್ದೆ. ಆ ತಾಯಿಗೆ ಈಗ ಎಪ್ಪತ್ತು ದಾಟಿದೆ. ಕಣ್ಣು ಮಂಜಾಗಿದೆ, ಹೂ ತರುವುದನ್ನು ಮಗಳು ಮುಂದುವರಿಸಿದ್ದಾಳೆ. ಜಗಲಿಯ ಮೇಲೆ ಕುಳಿತು ನನ್ನ ಯೋಗಕ್ಷೇಮ ವಿಚಾರಿಸಿದರು. ನಗರದ ನೀರಿನ ಕಥೆಯನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಅಲ್ಲಾ ಸ್ವಾಮ್ಯೋರೆ, ನಿಮ್ಮೂರಲ್ಲಿ ಸಭೆ ಯಾವತ್ತು?" ಎಂದು ಕೇಳಿದರು.

ಅಂದು ನಾಟಿಯ ಮಾತಿಗೆ ಹೇಗೋ, ಇದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ವಾಚಕರೇ, ಆ ಪ್ರಶ್ನೆಯನ್ನು ನಾನೊಬ್ಬನೇ ಇಟ್ಟುಕೊಳ್ಳಲಾರೆ. ನಿಮಗೂ ಒಪ್ಪಿಸುತ್ತಿದ್ದೇನೆ.